ಓಟ ಬಿಟ್ಟ ಕುದುರೆಗಳ ಗತಿ

ಕುದುರೆ ಪಂದ್ಯದ ವಾರ್ತೆಯೆಂದರೆ ಗೆದ್ದ ಕುದುರೆಯ ಹೆಸರು, ಅದರ ಒಡೆಯನ ಹೆಸರು, ಜಾಕಿಯ ಹೆಸರು, ಬಂದ ಹಣದ ಮೊತ್ತ, ಇಷ್ಟೇ. ಅದೇ ಕುದುರೆ ಎರಡು ಮೂರು ವರ್ಷಗಳ ಅನಂತರ ಯಾರ ಲಾಯದಲ್ಲಿ ನಿಂತಿದೆ, ಯಾವ ಗಾಡಿಗೆ ಹೂಡಲ್ಪಟ್ಟಿದೆ, ಇಲ್ಲವೆ ಯಾವ ಹೊಲದ ಅಂಚಿನಲ್ಲಿ ಹುಗಿಯಲ್ಪಟ್ಟಿದೆ ಎಂಬದನ್ನು ಬರೆಯುವ ಪದ್ಧತಿ ಯಾವ ಪತ್ರಿಕೆಗೂ ಇಲ್ಲ. 2025ರ ಮೇ ತಿಂಗಳಲ್ಲಿ ಮಾತ್ರ ಈ ಮೌನವು ಕೆಲವು ದಿನ ಮುರಿಯಿತು. ಏಪ್ರಿಲ್ ತಿಂಗಳ ಕೊನೆಗೂ ಮೇ ತಿಂಗಳ ಮೊದಲಿಗೂ ಹೈದರಾಬಾದಿನಿಂದ ಮಧ್ಯಪ್ರದೇಶದ ಜಬಲ್‌ಪುರದ ಬಳಿಯ ಹಳ್ಳಿಯೊಂದಕ್ಕೆ 57 ಕುದುರೆಗಳನ್ನು ಬೇಸಿಗೆಯ ಉರಿಯಲ್ಲಿ ರಸ್ತೆಯ ಮೇಲೆ ಸಾಗಿಸಲಾಯಿತು. ಅವು ಓಟಕ್ಕೆ ಬಳಸಲ್ಪಟ್ಟು ಬೇಡವಾದ ಕುದುರೆಗಳೆಂದು ಪ್ರಾಣಿದಯಾ ಸಂಘದವರು ದೂರಿದರು. ತಲುಪಿದ ಕೆಲವೇ ದಿನಗಳಲ್ಲಿ ಎಂಟು ಸತ್ತವು. ಮುಂದೆ ಇನ್ನೂ ಕೆಲವು ಸತ್ತವು. ವಿಷಯವು ಅಲ್ಲಿಯ ಹಾಯ್‌ಕೋರ್ಟಿನ ಮೆಟ್ಟಿಲನ್ನು ಹತ್ತಿತು. ಅದಾದ ಮೇಲೆ ಪತ್ರಿಕೆಗಳು ತಮ್ಮ ಹಳೆಯ ಪದ್ಧತಿಗೆ ಮರಳಿದವು.

ಜಬಲ್‌ಪುರದ ಮಾತು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ವಾಚಕರಿಗೇಕೆಂದು ಕೇಳಬಹುದು. ಉತ್ತರವು ರೇಲ್ವೆಯ ನಕಾಶೆಯಲ್ಲಿಯೇ ಇದೆ. ನಿಜಾಮ ಸರಕಾರದ ರೇಲ್ವೆಯು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಸಿದಂದಿನಿಂದ ಚಿತ್ತಾಪುರ, ಮಳಖೇಡ, ಸೇಡಂಗಳ ಪೇಟೆಯ ಮುಖವು ತಾಂಡೂರು ವಿಕಾರಾಬಾದುಗಳ ಮಾರ್ಗವಾಗಿ ಹೈದರಾಬಾದಿನ ಕಡೆಗೆ ತಿರುಗಿದೆ. ಚಿಂಚೋಳಿಗೆ ರೇಲ್ವೆಯಿಲ್ಲ, ಆದರೂ ಅಲ್ಲಿಯವರಿಗೆ ತಾಂಡೂರು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆರನೆಯ ನಿಜಾಮರ ಕಾಲದಲ್ಲಿ, 1886ರಲ್ಲಿ, ಮೌಲಾಅಲಿಯಿಂದ ಮಲಕಪೇಟೆಗೆ ಬಂದ ಪಂದ್ಯದ ಮೈದಾನವೇ ನಮ್ಮ ಐದೂ ಊರುಗಳಿಗೆ ಸಮೀಪದ ರೇಸ್ ಕೋರ್ಸು. ದೊಡ್ಡ ಪಟ್ಟಣದಲ್ಲಿ ಬೆಲೆ ಕಳೆದುಕೊಂಡ ವಸ್ತುವು ಹತ್ತಿರದ ಸಣ್ಣ ಪಟ್ಟಣಗಳ ಕಡೆಗೆ ಇಳಿದು ಬರುವದು ವ್ಯಾಪಾರದ ನಿಯಮ. ಹಳೆಯ ಲಾರಿ, ಹಳೆಯ ಯಂತ್ರಗಳು ಹೇಗೆ ಬರುವವೋ, ಓಟ ಬಿಟ್ಟ ಕುದುರೆಯೂ ಹಾಗೆಯೇ ದಲಾಲನ ಕೈ ಹಿಡಿದು ಬರುವದು: ಮದುವೆಯ ಮೆರವಣಿಗೆಗೆ, ಜಾತ್ರೆಗೆ, ಮಕ್ಕಳನ್ನು ಕೂಡ್ರಿಸಿ ಸುತ್ತಾಡಿಸುವ ಧಂದೆಗೆ, ಹೊಸದಾಗಿ ಹಣ ಕಂಡ ಗೃಹಸ್ಥನ ಸವಾರಿಯ ಹವ್ಯಾಸಕ್ಕೆ. ಶಹಾಬಾದ ವಾಡಿಗಳ ಸ್ಟೇಶನ್ನಿನ ಮುಂದೆ ಟಾಂಗಾಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆಟೋರಿಕ್ಷಾ ಬಂದು ಆ ಕಸಬು ಹೋಯಿತು, ಕುದುರೆಯನ್ನು ಬಲ್ಲ ಕೈಗಳೂ ಕಡಮೆಯಾದವು. ಈಗ ಕುದುರೆ ಕೊಳ್ಳುವವನಿಗೆ ಬುದ್ಧಿ ಹೇಳುವವರು ನೆರೆಹೊರೆಯಲ್ಲಿ ವಿರಳ.

ಮೊದಲೇ ಒಂದು ಆಕ್ಷೇಪವನ್ನು ಎದುರಿಸಬೇಕು. ಸಿಮೆಂಟಿನ ಧೂಳಿನಲ್ಲಿ ಮನುಷ್ಯರೇ ಉಸಿರಾಡಲು ಕಷ್ಟಪಡುವ ವಾಡಿಯಲ್ಲಿ, ತೊಗರಿಯ ಬೆಲೆ ಕುಸಿದರೆ ರೈತನು ಕಂಗಾಲಾಗುವ ಸೇಡಂ ಚಿಂಚೋಳಿಗಳಲ್ಲಿ, ಶ್ರೀಮಂತರ ಕುದುರೆಗಳ ಮುಪ್ಪಿನ ಚಿಂತೆ ಪತ್ರಿಕೆಗೆ ತಕ್ಕುದೇ? ಪಂದ್ಯದ ಜೂಜು ನಮ್ಮ ದೇಶೀಯ ಪತ್ರಿಕೆಗಳಿಗೆ ಎಂದೂ ಒಪ್ಪಿಗೆಯಾದ ವಿಷಯವಲ್ಲ. ಅದು ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತ ಮೇಲೆಯೂ ನಮಗೆ ಅದರ ಮೇಲೆ ಪ್ರೀತಿ ಹುಟ್ಟಿಲ್ಲ. ಆದರೆ ಇಲ್ಲಿ ಕೆಡುವವನು ಶ್ರೀಮಂತನಲ್ಲ. ಅವನು ಕುದುರೆಯನ್ನು ಕೊಟ್ಟು ಕೈತೊಳೆದುಕೊಂಡವನು. ಸಾಲ ಮಾಡಿ ಅದನ್ನು ಕೊಂಡು, ಒಂದು ಲಗ್ನಸರಾಯಿಯ ಗಳಿಕೆಯನ್ನು ಅದರ ಬೆನ್ನಿನ ಮೇಲೆ ಇಟ್ಟವನು ನಮ್ಮ ಊರಿನ ಬಡವನು. ಕುದುರೆ ಬೆದರಿ ವರನನ್ನು ಕೆಡವಿದರೆ ಪೆಟ್ಟು ತಿನ್ನುವವನೂ ಅವನೇ, ಅದು ಕುಂಟಿದರೆ ಉಪವಾಸ ಬೀಳುವವನೂ ಅವನೇ. ಅದರ ರೋಗವು ಹತ್ತಿದರೆ ಸಾಯುವವನೂ ಅವನೇ. ಈ ದೃಷ್ಟಿಯಿಂದಲೇ ನಾವು ವಿಷಯವನ್ನು ಎತ್ತಿದ್ದೇವೆ.

ಕುದುರೆಯ ವ್ಯಾಪಾರವು ನಮ್ಮ ಪ್ರಾಂತಕ್ಕೆ ಹೊಸದಲ್ಲ. ರಷಿಯಾದ ಅಫನಾಸಿ ನಿಕಿತಿನನು ಹದಿನೈದನೆಯ ಶತಮಾನದಲ್ಲಿ, ಬಹಮನಿಯರ ಆಳಿಕೆಯ ಕಾಲಕ್ಕೆ, ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು ಬೀದರಿನಲ್ಲಿ ಮಾರಿದವನು. ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿಯಲ್ಲಿ ಆಳಂದದ ವಾರ್ಷಿಕ ಸಂತೆಯ ವರ್ಣನೆಯಿದೆ. ಅಲ್ಲಿಗೆ ಮಾರಾಟಕ್ಕೆ ಬರುತ್ತಿದ್ದ ಕುದುರೆಗಳ ಸಂಖ್ಯೆಯನ್ನು ಆತನು 20,000 ಎಂದು ಹೇಳಿದ್ದಾನೆ. ಸಂಖ್ಯೆಯಲ್ಲಿ ಪ್ರವಾಸಿಯ ಉತ್ಪ್ರೇಕ್ಷೆಯನ್ನು ಕಳೆದರೂ ಸಂತೆಯು ದೊಡ್ಡದಿತ್ತೆಂಬದರಲ್ಲಿ ಸಂಶಯವಿಲ್ಲ. ಇಲ್ಲಿಯವರು ಕುದುರೆಗೆ ಕಾಳಿನ ಜೊತೆಗೆ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುತ್ತಾರೆಂದು ಅವನು ಆಶ್ಚರ್ಯದಿಂದ ಬರೆದನು. ದೂರದೇಶದ ಪ್ರಾಣಿಯನ್ನು ಈ ನೆಲದ ಮೇವಿಗೆ, ಈ ಬಿಸಿಲಿಗೆ ಒಗ್ಗಿಸುವ ವಿದ್ಯೆ ಆಗಿನವರಿಗೆ ಇತ್ತೆಂಬದಕ್ಕೆ ಆ ಖಿಚಡಿಯೇ ಸಾಕ್ಷಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಸವಾರರಾಗಿ ಗೆದ್ದ ಮೈಸೂರು ದಳದ ಕೀರ್ತಿಯನ್ನು ಕನ್ನಡಿಗರು ಇಂದಿಗೂ ಹೇಳಿಕೊಳ್ಳುವರು. ಅದೇ ಬ್ರಿಗೇಡಿನಲ್ಲಿ ಹೈದರಾಬಾದಿನ ದಳವೂ ಇತ್ತು.

ಈಗ ಪಂದ್ಯದ ಕುದುರೆಯ ಸ್ವಭಾವವನ್ನು ನೋಡೋಣ. ಎಲ್ಲ ಗೊಂದಲವೂ ಅದನ್ನು ಅರಿಯದುದರಿಂದಲೇ ಹುಟ್ಟಿರುವದು. ನಮ್ಮ ಮೈದಾನಗಳಲ್ಲಿ ಓಡುವದು ಇಂಗ್ಲಂಡದಲ್ಲಿ ಮೂರು ಪೌರಸ್ತ್ಯ ಗಂಡುಕುದುರೆಗಳಿಂದ ಬೆಳೆಸಿದ ಥರೋಬ್ರೆಡ್ ಎಂಬ ತಳಿ. ಎತ್ತರವಾದ ಮೈಕಟ್ಟು, ತೆಳುವಾದ ಚರ್ಮ, ಸುಮಾರು 450ರಿಂದ 500 ಕಿಲೋ ತೂಕ, ಆ ತೂಕಕ್ಕೆ ಸಣ್ಣವೆಂದೇ ಹೇಳಬೇಕಾದ ಕಾಲುಗಳು. ಒಂದೂವರೆ ವರ್ಷದ ಮರಿಗೆ ಜೀನು ಹಾಕುವರು; ಎರಡನೆಯ ವಯಸ್ಸಿಗೆ ಅದು ಪಂದ್ಯಕ್ಕೆ ಇಳಿಯುವದು. ಐದಾರು ವರ್ಷಗಳಾಗುವಷ್ಟರಲ್ಲಿ ಬಹುತೇಕ ಕುದುರೆಗಳ ಓಟ ಮುಗಿಯಿತು. ಆದರೆ ಕುದುರೆಯ ಆಯುಸ್ಸು 25 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂದರೆ ಮನುಷ್ಯನ ಲೆಕ್ಕದಲ್ಲಿ ಹೇಳುವದಾದರೆ, ಇಪ್ಪತ್ತರ ಹರೆಯಕ್ಕೆ ಪೆನ್ಶನ್ ಇಲ್ಲದೆ ಮನೆಗೆ ಕಳಿಸಿದ ನೌಕರ.

ಆ ನೌಕರನಿಗೆ ಕಲಿಸಿದ ವಿದ್ಯೆಯಾದರೂ ಎಂಥದು? ಸವಾರಿಯ ಕುದುರೆ ಲಗಾಮನ್ನು ಜಗ್ಗಿದರೆ ನಿಲ್ಲಬೇಕು. ಪಂದ್ಯದ ಕುದುರೆಯು ಜಾಕಿಯು ಬಿಗಿಹಿಡಿದ ಲಗಾಮಿನ ಮೇಲೆ ಭಾರ ಹಾಕಿ ಓಡುವದನ್ನೇ ಕಲಿತಿರುವದು. ಹೆದರಿದ ಹೊಸ ಸವಾರನು ಎಷ್ಟು ಬಲವಾಗಿ ಜಗ್ಗುವನೋ ಅದು ಅಷ್ಟು ಜೋರಾಗಿ ಓಡುವದು. ಸವಾರಿಯ ಕುದುರೆಗೆ ಸವಾರನ ಕಾಲಿನ ಒತ್ತು ಒಂದು ಭಾಷೆ; ಪಂದ್ಯದ ಕುದುರೆಗೆ ಆ ಭಾಷೆಯೇ ತಿಳಿಯದು, ಏಕೆಂದರೆ ಜಾಕಿಯು ರಿಕಾಬನ್ನು ಮೇಲಕ್ಕೆ ಕಟ್ಟಿಕೊಂಡು ಬೆನ್ನಿನ ಮೇಲೆ ಕುಕ್ಕರಿಸಿ ಕುಳಿತಿರುವನು. ನಿಂತ ಕುದುರೆಯ ಮೇಲೆ ರಿಕಾಬಿನಲ್ಲಿ ಕಾಲಿಟ್ಟು ಏರುವದನ್ನು ಅದು ಕಂಡಿಲ್ಲ. ಜಾಕಿಯನ್ನು ಸಾಯಿಸನು ಮೊಣಕಾಲು ಹಿಡಿದು ಎತ್ತಿ ಕೂಡ್ರಿಸುವನು, ಕುದುರೆ ಅಷ್ಟರಲ್ಲಿ ನಡೆಯುತ್ತಲೇ ಇರುವದು. ಪಕ್ಕದಲ್ಲಿ ಇನ್ನೊಂದು ಕುದುರೆ ವೇಗದಿಂದ ಬಂದರೆ ತಾನೂ ಮುನ್ನುಗ್ಗಬೇಕೆಂಬದು ಅದಕ್ಕೆ ಕಲಿಸಿದ ಮೊದಲನೆಯ ಪಾಠ. ಇನ್ನು ಅಂಥ ಕುದುರೆಯನ್ನು ತಾಶೆ, ಬ್ಯಾಂಡು, ಪಟಾಕಿಗಳ ನಡುವೆ ಹಾರ ಹಾಕಿದ ವರನನ್ನು ಹೊರಿಸಿ ನಿಲ್ಲಿಸಿದರೆ ಏನಾಗಬೇಕು? ಅದು ತಪ್ಪು ಮಾಡಿತೆಂದು ಬಾರುಕೋಲಿನಿಂದ ಹೊಡೆಯುವರು. ತಾನು ಕಲಿತದ್ದನ್ನು ಸರಿಯಾಗಿ ನೆನಪಿಟ್ಟುಕೊಂಡಿದೆಯೆಂಬದೇ ಅದರ ತಪ್ಪು.

ಇದೇ ಕುದುರೆಯನ್ನು ಸೌಮ್ಯವಾದ ಸವಾರಿಯ ಕುದುರೆಯನ್ನಾಗಿ ಮಾಡಬಹುದೆಂಬದು ಸಿದ್ಧವಾದ ಮಾತು. ನಮ್ಮ ದೇಶದ ಸವಾರಿ ಶಾಲೆಗಳಲ್ಲಿ ಪಂದ್ಯದಿಂದ ಬಂದ ಕುದುರೆಗಳು ಸಾಕಷ್ಟಿವೆ. ಆದರೆ ಮಾಡುವ ಕ್ರಮ ನಿಧಾನದ್ದು. ಮೊದಲು ಕೆಲವು ತಿಂಗಳು ಅದಕ್ಕೆ ಏನನ್ನೂ ಕಲಿಸಬಾರದು. ಲಾಳ ತೆಗೆದು, ಓಟದ ಕಾಲದ ಕಾಳುಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕಡಮೆ ಮಾಡಿ, ಹುಲ್ಲನ್ನು ಹೆಚ್ಚಿಸಿ, ಬೇಲಿಯ ಬಯಲಿನಲ್ಲಿ ಜೊತೆಯ ಕುದುರೆಯೊಡನೆ ಬಿಡಬೇಕು. ದಿನದ ಬಹುಭಾಗ ಒಂಟಿ ಲಾಯದಲ್ಲಿಯೇ ನಿಂತ ಪ್ರಾಣಿಯಾದುದರಿಂದ ಕೆಲವಕ್ಕೆ ಗೋದಲಿಯ ಅಂಚನ್ನು ಕಚ್ಚಿ ಗಾಳಿ ನುಂಗುವ, ನಿಂತಲ್ಲಿಯೇ ತೂಗಾಡುವ ಚಟಗಳು ಹತ್ತಿರುತ್ತವೆ. ಬಯಲು ಅವುಗಳನ್ನು ಸ್ವಲ್ಪ ಕಡಮೆ ಮಾಡುವದು, ಪೂರ್ತಿ ಬಿಡಿಸುವದು ಕಷ್ಟ. ಆಮೇಲೆ ಉದ್ದನೆಯ ಹಗ್ಗದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಿಸುವದು, ಮಾತಿಗೆ ನಿಲ್ಲುವದನ್ನೂ ನಡೆಯುವದನ್ನೂ ಕಲಿಸುವದು. ಒಂದೇ ದಿಕ್ಕಿನ ಮೈದಾನದಲ್ಲಿ ಪಂದ್ಯ ಓಡಿದುದಕ್ಕೆ ಎರಡೂ ಕಡೆಗೆ ಸಮನಾಗಿ ಹೊರಳುವದೇ ಮೊದಮೊದಲು ಪ್ರಯಾಸ. ಬಳಿಕ ಜೀನು, ಬಳಿಕ ಸಾವಕಾಶದ ನಡಿಗೆ, ದುಲಕಿ, ಕೊನೆಗೆ ಹಿಡಿತದಲ್ಲಿರುವ ಓಟ. ರಸ್ತೆ, ಲಾರಿ, ನಾಯಿ, ಛತ್ರಿ, ಮಕ್ಕಳ ಕೂಗು, ಇವೆಲ್ಲ ಬೇರೆಯ ಪಾಠಗಳು. ಬಲ್ಲ ಕೈಗಳಲ್ಲಿ ಆರು ತಿಂಗಳಿಂದ ಒಂದು ವರ್ಷ ಹಿಡಿಯುವದು. ಇಷ್ಟು ಕಾಲ ಮೇವು, ಸಾಯಿಸನ ಪಗಾರ, ವೈದ್ಯ, ಲಾಳಗಾರ, ಕಲಿಸುವವನ ಸಂಬಳ, ಇವೆಲ್ಲವುಗಳ ಖರ್ಚು ನಿಂತುಕೊಂಡೇ ಇರುವದು, ಉತ್ಪನ್ನವು ಒಂದು ಕಾಸೂ ಇಲ್ಲ.

ಗಂಟು ಇರುವದು ಇಲ್ಲಿಯೇ. ಪಂದ್ಯದ ಒಡೆಯನಿಗೆ ಈ ಖರ್ಚು ಬೇಡ. ಅವನು ಮರುದಿನವೇ ಲಾಯವನ್ನು ತೆರವು ಮಾಡಿ ಹೊಸ ಮರಿಯನ್ನು ಕಟ್ಟಬೇಕು. ದಲಾಲನಿಗೆ ಬೇಡ, ಅವನ ಲಾಭವಿರುವದು ಬೇಗನೆ ಮಾರುವದರಲ್ಲಿ. ಕೊಳ್ಳುವವನಿಗೆ ಆ ಖರ್ಚಿನ ಅವಶ್ಯಕತೆಯೇ ತಿಳಿಯದು. ಅಗ್ಗವಾಗಿ ಸಿಕ್ಕ ಚೆಲುವಾದ ಕುದುರೆಯನ್ನು ಕಂಡು ಅವನು ಮರುಳಾಗಿರುವನು. ಹೀಗೆ ಮೂವರೂ ಬಿಟ್ಟ ಒಂದು ವರ್ಷದ ಪಾಠದ ಸಾಲವನ್ನು ಕೊನೆಗೆ ಕುದುರೆಯು ತನ್ನ ಮೈಯಿಂದ, ಕೊಂಡವನು ತನ್ನ ಗಂಟಿನಿಂದ ತೀರಿಸುವರು. ಅಗ್ಗದ ಪಂದ್ಯದ ಕುದುರೆಯೆಂಬದು ಅಗ್ಗವಲ್ಲ. ಬೆಲೆಯ ಮುಖ್ಯ ಭಾಗವನ್ನು ಚೀಟಿಯಲ್ಲಿ ಬರೆದಿಲ್ಲ, ಅಷ್ಟೇ.

ಕೊಳ್ಳಲೇಬೇಕೆನ್ನುವವರಿಗೆ ನಾಲ್ಕು ಮಾತು ಹೇಳುವದು ನಮ್ಮ ಕರ್ತವ್ಯ. ಕುದುರೆ ಓಟವನ್ನು ಏಕೆ ಬಿಟ್ಟಿತೆಂದು ಮೊದಲು ಕೇಳಬೇಕು. ನಿಧಾನವೆಂದು ಬಿಟ್ಟಿದ್ದರೆ ಅದು ಒಳ್ಳೆಯ ಸುದ್ದಿ. ಸೋಮಾರಿ ಪಂದ್ಯದ ಕುದುರೆಯಂಥ ಸವಾರಿಯ ಕುದುರೆ ಇನ್ನೊಂದಿಲ್ಲ. ಗೆಲ್ಲುತ್ತಿದ್ದ ಕುದುರೆಯನ್ನು ಇದ್ದಕ್ಕಿದ್ದಂತೆ ಬಿಟ್ಟಿದ್ದರೆ ಕಾಲನ್ನು ನೋಡಬೇಕು. ಮುಂಗಾಲಿನ ಹಿಂಬದಿಯ ನರವೊಮ್ಮೆ ಹರಿದು ಕೂಡಿದ್ದರೆ ಬಿಲ್ಲಿನಂತೆ ಉಬ್ಬಿರುವದು, ಬೆರಳಿಗೆ ಬಿಸಿಯೂ ಹತ್ತಬಹುದು. ನೋವು ಕಾಣದಂತೆ ಔಷಧಿ ಕೊಟ್ಟು, ಪುಂಡ ಕುದುರೆಗೆ ಮತ್ತಿನ ಸೂಜಿ ಹಾಕಿ ಸಾಧುವೆಂದು ತೋರಿಸುವದು ಈ ಧಂದೆಯ ಹಳೆಯ ಮೋಸ. ಆದುದರಿಂದ ಒಂದೇ ಸಲ ನೋಡಿ ಕೊಳ್ಳದೆ, ಹೇಳದೆ ಕೇಳದೆ ಮುಂಜಾನೆ ಹೋಗಿ, ಲಾಯದಿಂದ ಆಗಲೇ ಹೊರಗೆ ತಂದ ಕುದುರೆಯನ್ನು ಗಟ್ಟಿನೆಲದ ಮೇಲೆ ದುಲಕಿ ನಡೆಸಿ ನೋಡಬೇಕು. ಪಶುವೈದ್ಯನನ್ನು ಸಂಗಡ ಕರೆದೊಯ್ಯಬೇಕು. ದಲಾಲನು ತೋರಿಸಿದ ವೈದ್ಯನನ್ನಲ್ಲ. ಪಂದ್ಯದ ಕುದುರೆಗಳಿಗೆ ಪುಣೆಯಲ್ಲಿರುವ ತಳಿ ದಾಖಲೆಯ ಪ್ರಾಧಿಕಾರದಿಂದ ಪಾಸ್‌ಪೋರ್ಟು ಇರುವದು, ಕುತ್ತಿಗೆಯಲ್ಲಿ ಸೂಕ್ಷ್ಮವಾದ ಚಿಪ್ಪೂ ಇರುವದು. ಎರಡೂ ಹೊಂದಿಕೆಯಾಗದಿದ್ದರೆ ಬೇರೆ ಮಾತು ಬೇಡ.

ಮನೆಗೆ ತಂದ ಮೇಲಿನ ಕಥೆಯೂ ಸುಲಭದ್ದಲ್ಲ. ಶಹಾಬಾದ ಚಿತ್ತಾಪುರಗಳಲ್ಲಿ ಫರಸಿಕಲ್ಲು ಅಗ್ಗವೆಂದು ಲಾಯಕ್ಕೂ ಅದನ್ನೇ ಹಾಸುವರು. ದನಕ್ಕೆ ನಡೆದೀತು, ನೋಯುವ ಕಾಲಿನ ದೊಡ್ಡ ಕುದುರೆಗೆ ಒದ್ದೆಯಾದ ಫರಸಿಯು ಜಾರುವದು, ಒಣಗಿದರೆ ಕಾಲಿನ ಗಿಣ್ಣುಗಳನ್ನು ಕೊಲ್ಲುವದು. ಮೇಲೆ ಮೊಳದಷ್ಟು ಹುಲ್ಲನ್ನೋ ಕಟ್ಟಿಗೆಯ ಹೊಟ್ಟನ್ನೋ ಹಾಸದೆ ಕಟ್ಟಬಾರದು. ಮೇವಿನ ಮಾತಿಗೆ ಬಂದರೆ, ಜೋಳದ ಕಣಿಕೆಯನ್ನೂ ತೊಗರಿಯ ಹೊಟ್ಟನ್ನೂ ಒಂದೇ ದಿನದಲ್ಲಿ ಅದರ ಮುಂದೆ ಸುರಿದರೆ ಹೊಟ್ಟೆಶೂಲೆ ಬಂದು ರಾತ್ರಿ ಬೆಳಗಾಗುವದರೊಳಗೆ ಸಾಯಬಹುದು. ಎತ್ತಿನಂತೆ ಮೆಲುಕು ಹಾಕುವ ಹೊಟ್ಟೆ ಕುದುರೆಗಿಲ್ಲ, ತಿಂದದ್ದನ್ನು ಕಾರಲೂ ಅದಕ್ಕೆ ಬಾರದು. ಬಿಸಿಲೋ, ಹೇಳಬೇಕಾಗಿಲ್ಲ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ಕುರಿತ 1965ರ ನಿಯಮಗಳಲ್ಲಿ, ಉಷ್ಣಮಾನವು 37 ಡಿಗ್ರಿ ದಾಟಿದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಕೆಲಸ ಕೂಡದು, ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಕೂಡದು, ಎಡೆಬಿಡದೆ 5 ತಾಸಿಗೆ ಮೀರಿ ನಡೆಸಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. 40 ಡಿಗ್ರಿಯನ್ನು ಸುಲಭವಾಗಿ ದಾಟುವ ನಮ್ಮ ಜಿಲ್ಲೆಯ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಮದುವೆಗಳ ಭರಾಟೆ. ನಿಯಮವು 1965ರದು, ಅದನ್ನು ಓದಿದ ಮೆರವಣಿಗೆಯನ್ನು ನಾವು ಈ ವರೆಗೆ ಕಂಡಿಲ್ಲ.

ಇದಕ್ಕಿಂತ ಘೋರವಾದುದು ಗ್ಲ್ಯಾಂಡರ್ಸ್ ಎಂಬ ರೋಗ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬಂದು ಮೂಗಿನಿಂದ ಗಟ್ಟಿ ಸಿಂಬಳ ಸೋರುವದು, ಚರ್ಮದಲ್ಲಿ ಗಂಟುಗಳೆದ್ದು ಹುಣ್ಣಾಗುವವು. ಲಸಿಕೆಯಿಲ್ಲ. ಅದು ಮನುಷ್ಯನಿಗೂ ಹತ್ತುವದು, ಚಿಕಿತ್ಸೆ ತಡವಾದರೆ ಕೊಲ್ಲುವದು. ಸೋಂಕು ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದ ಪರೀಕ್ಷೆಯಿಂದ ನಿಶ್ಚಿತವಾದರೆ ಆ ಪ್ರಾಣಿಯನ್ನು ದಯಾಮರಣಕ್ಕೆ ಗುರಿಮಾಡುವದೊಂದೇ ದಾರಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ 2009ರ ಕಾಯಿದೆಯ ಪ್ರಕಾರ ಇಂಥ ರೋಗದ ಸಂಶಯ ಬಂದೊಡನೆ ಅಧಿಕಾರಿಗಳಿಗೆ ತಿಳಿಸುವದು ಒಡೆಯನ ಕರ್ತವ್ಯ. ಹಲವು ಕಡೆಯ ಕುದುರೆಗಳು ಒಂದೇ ಲಾರಿಯಲ್ಲಿ, ಒಂದೇ ತೊಟ್ಟಿಯ ನೀರು ಕುಡಿದು, ಕೈಯಿಂದ ಕೈಗೆ ಮಾರಾಟವಾಗುವಲ್ಲಿ ಈ ಭಯವು ಎಂದಿಗೂ ಇದ್ದದ್ದೇ. ರಕ್ತಪರೀಕ್ಷೆಯ ಚೀಟಿಯಿಲ್ಲದ ಕುದುರೆಯನ್ನು ಲಾಯಕ್ಕೆ ತರುವವನು ತನ್ನ ಹೆಂಡಿರು ಮಕ್ಕಳನ್ನು ಪಣಕ್ಕೆ ಇಡುವನು.

ಹಾಗಾದರೆ ಮರುಪಾಠದ ಆ ಒಂದು ವರ್ಷದ ಖರ್ಚು ಯಾರದು? ಹೊರದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಬ್ರಿಟನ್ನಿನಲ್ಲಿ 2000ನೆಯ ಇಸವಿಯಲ್ಲಿ ಪಂದ್ಯದ ಕುದುರೆಗಳ ಮರುಶಿಕ್ಷಣಕ್ಕಾಗಿಯೇ ಒಂದು ಧರ್ಮಸಂಸ್ಥೆಯನ್ನು ಪಂದ್ಯದ ಆಡಳಿತದವರೇ ಕಟ್ಟಿದರು. ಅದಕ್ಕೆ ಪಂದ್ಯದಲ್ಲಿ ಪಾಲುಗೊಂಡವರಿಂದ ವಂತಿಗೆ ಹೋಗುವದು, ಮರುಶಿಕ್ಷಣ ಪಡೆದ ಕುದುರೆಗಳಿಗಾಗಿಯೇ ಸವಾರಿಯ ಸ್ಪರ್ಧೆಗಳು ನಡೆಯುವವು. ಇದರಿಂದ ಅಲ್ಲಿ ಓಟ ಬಿಟ್ಟ ಕುದುರೆಗೆ ಒಂದು ಪೇಟೆಯೇ ಹುಟ್ಟಿತು. ಅಮೇರಿಕದಲ್ಲಿ 2012ರಿಂದ ಇಂಥ ಆಶ್ರಯಗಳನ್ನು ತಪಾಸಣೆ ಮಾಡಿ ಮಾನ್ಯ ಮಾಡುವ, ಹಣವನ್ನು ಹಂಚುವ ಒಕ್ಕೂಟವಿದೆ. ಪರದೇಶದವರು ಮಾಡಿದರೆಂದು ನಾವು ಮಾಡಬೇಕೆಂಬ ಗುಲಾಮಬುದ್ಧಿ ನಮಗಿಲ್ಲ. ಆದರೆ ಅವರ ಆಟವನ್ನು, ಅವರ ತಳಿಯನ್ನು, ಅವರ ಟೋಪಿಯನ್ನು ಕೂಡ ಸ್ವೀಕರಿಸಿದ ನಮ್ಮ ಕ್ಲಬ್ಬುಗಳು ಹೊಣೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುವದು ನ್ಯಾಯವಲ್ಲ.

ಕರ್ನಾಟಕ ಸರಕಾರದ ಸ್ಥಾನವಂತೂ ವಿಚಿತ್ರವಾದುದು. ಟೀಪೂ ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ನೆಲವು ಸರಕಾರದ್ದು. ಅದನ್ನು 1992ರಲ್ಲಿ 30 ವರ್ಷಗಳ ಅವಧಿಗೆ ಖಾಸಗಿಯವರಿಗೆ ಗುತ್ತಿಗೆ ಕೊಡಲಾಯಿತು. ಬೆಂಗಳೂರಿನ ಪಂದ್ಯದ ಮೈದಾನದ ನೆಲವೂ ಸರಕಾರದ್ದು; ಅದರ ಗುತ್ತಿಗೆಯು 2009ರಲ್ಲಿ ತೀರಿದಂದಿನಿಂದ ವ್ಯಾಜ್ಯಗಳು ನಡೆದಿವೆ. ಪಂದ್ಯದ ಪಣದ ಮೇಲೆ 2017ರಿಂದ ಶೇಕಡಾ 28ರಷ್ಟಿದ್ದ ಜಿ.ಎಸ್.ಟಿ. ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ; ಅದರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಪಾಲು. ಕುದುರೆ ಹುಟ್ಟುವ ನೆಲದ ಒಡೆತನ, ಓಡುವ ನೆಲದ ಒಡೆತನ, ಓಟದ ಮೇಲಿನ ತೆರಿಗೆ, ಮೂರೂ ಸರಕಾರದ ಕೈಯಲ್ಲಿರಲು, ಓಟ ಮುಗಿದ ಕುದುರೆಯು ಎಲ್ಲಿಗೆ ಹೋಯಿತೆಂದು ಕೇಳುವ ಒಂದು ಕಲಮನ್ನು ಗುತ್ತಿಗೆಯ ಕಾಗದದಲ್ಲಿ ಬರೆಯಿಸುವದಕ್ಕೆ ಯಾವ ಹೊಸ ಕಾಯಿದೆ ಬೇಕು? ನೋಂದಣಿಯಾದ ಪ್ರತಿಯೊಂದು ಮರಿಯ ಮೇಲೆ, ಪ್ರತಿಯೊಂದು ಪಂದ್ಯದ ಪ್ರವೇಶಶುಲ್ಕದ ಮೇಲೆ ಸಣ್ಣದೊಂದು ವಂತಿಗೆಯನ್ನು ಇಟ್ಟು, ಮರುಶಿಕ್ಷಣದ ನಿಧಿಯನ್ನು ಮಾಡಿಸಬಹುದು. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣವನ್ನಾಗಲಿ ಪುರಸಭೆಗಳ ಹಣವನ್ನಾಗಲಿ ಇದಕ್ಕೆ ಮುಟ್ಟಕೂಡದು. ಶಾಲೆಯ ಮಾಳಿಗೆ ಸೋರುತ್ತಿರುವ ಊರಿನ ದುಡ್ಡು ಜೂಜಿನ ಶೇಷವನ್ನು ಸ್ವಚ್ಛ ಮಾಡುವದಕ್ಕಲ್ಲ.

ಈ ಕೆಲಸಕ್ಕೆ ತ್ವರೆ ಏಕೆಂದರೆ, ಪಂದ್ಯದ ಮೈದಾನಗಳ ಕಾಲವೇ ಇಳಿಯುತ್ತ ಬಂದಂತೆ ಕಾಣುವದು. 2024ರಲ್ಲಿ ತಮಿಳುನಾಡು ಸರಕಾರವು ಉದಕಮಂಡಲದ ಮೈದಾನವನ್ನೂ ಮದ್ರಾಸಿನ ಗಿಂಡಿಯ ಮೈದಾನದ ನೆಲವನ್ನೂ ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಮಕಾವಿನಲ್ಲಿ, ಸಿಂಗಾಪುರದಲ್ಲಿ ಪಂದ್ಯಗಳು ಪೂರ್ತಿಯಾಗಿ ನಿಂತವು. ನೆಲಕ್ಕೆ ಉದ್ಯಾನವೋ ಕಟ್ಟಡವೋ ಬರುವದು; ಪತ್ರಿಕೆಗಳು ನೆಲದ ಬೆಲೆಯನ್ನು ಚರ್ಚಿಸುವವು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಒಂದು ಮೈದಾನ ಮುಚ್ಚಿತೆಂದರೆ, ಒಂದೊಂದಾಗಿ ಇಳಿದು ಬರುತ್ತಿದ್ದ ಕುದುರೆಗಳು ಒಮ್ಮೆಗೇ ಪೇಟೆಗೆ ಬರುವವು. ಆಗ ಬೆಲೆ ಇನ್ನೂ ಇಳಿಯುವದು. ದಲಾಲನ ಲಾರಿಗೆ ನಮ್ಮ ಊರಿನ ದಾರಿ ಇನ್ನೂ ಸಲೀಸಾಗುವದು.

ನಮ್ಮ ಪ್ರಾಂತದಲ್ಲಿ ಮರುಶಿಕ್ಷಣದ ಒಂದು ಸ್ಥಾನ ಆಗಬಾರದೇ? ಕ್ಲಬ್ಬುಗಳ ನಿಧಿಯಿಂದ ಆಗುವದಾದರೆ ಆಗಲಿ. ಚಿಂಚೋಳಿಗೆ ಬೀದರ ದೂರವಲ್ಲ. ಅಲ್ಲಿಯ ಪಶುವೈದ್ಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ನೆಲವಿದೆ. ಟಾಂಗಾ ಹೊಡೆದವರ ಮಕ್ಕಳಿಗೆ ಸಾಯಿಸನ, ಲಾಳಗಾರನ, ಸವಾರಿ ಕಲಿಸುವವನ ಕಸಬನ್ನು ಅಲ್ಲಿ ಶಾಸ್ತ್ರೋಕ್ತವಾಗಿ ಕಲಿಸಬಹುದು. ತಯಾರಾದ ಕುದುರೆಗಳನ್ನು ಪೊಲೀಸರ ಅಶ್ವದಳಗಳು, ಸವಾರಿ ಶಾಲೆಗಳು ಬೆಲೆ ಕೊಟ್ಟು ಕೊಳ್ಳಲಿ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷಿಯಾದ ಕ್ರೀಡೆಗಳಲ್ಲಿ ಎರಡು ರಜತಪದಕಗಳನ್ನು ಗೆದ್ದ ಮೇಲೆ ಸವಾರಿಯ ಆಸೆ ಕನ್ನಡ ಹುಡುಗರಲ್ಲಿಯೂ ಹೆಚ್ಚಿರಬೇಕು. ಪದಕ ತಂದುಕೊಡುವ ವಿಲಾಯತಿ ಕುದುರೆಗಳ ಬೆಲೆಯಾದರೋ ಮಧ್ಯಮ ವರ್ಗದವರ ಕೈಗೆ ಎಟುಕದು. ಕಲಿಯುವ ಹುಡುಗನಿಗೆ ಚೆನ್ನಾಗಿ ತಿದ್ದಿದ ಪಂದ್ಯದ ಕುದುರೆ ಸಾಕು.

ಆದರೆ ಎಲ್ಲ ಕೆಲಸಕ್ಕೂ ಅದೇ ಕುದುರೆಯಲ್ಲ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡಿನಲ್ಲಿ ಕಾವಲಿಗೆ, ಚಂದ್ರಂಪಳ್ಳಿಯ ಕೆರೆಯ ಬಳಿ ಪ್ರವಾಸಿಗಳ ಸವಾರಿಗೆ ಈ ಕುದುರೆಗಳನ್ನು ತರಿಸಬಹುದೆಂದು ಯಾರಾದರೂ ಉತ್ಸಾಹಿಗಳು ಸೂಚಿಸಿದರೆ ನಾವು ಒಪ್ಪಲಾರೆವು. ಆ ಕಲ್ಲುನೆಲವು ತೆಳು ಗೊರಸಿನ ಥರೋಬ್ರೆಡ್ಡಿಗೆ ಒಂದೇ ಬೇಸಿಗೆಯಲ್ಲಿ ಸೋಲು ತೋರಿಸುವದು. ಅಲ್ಲಿಗೆ ಬೇಕಾದದ್ದು ಭೀಮಾನದಿಯ ಹೆಸರನ್ನೇ ಹೊತ್ತ ಭೀಮಥಡಿ. ಥಡಿಯೆಂದರೆ ನಮ್ಮ ತಡಿಯೇ. ಮರಾಠರ ಸೈನ್ಯವನ್ನು ಹೊತ್ತು ಮೆರೆದ, ಇಂದು ಹೆಚ್ಚಾಗಿ ಧನಗರ ಕುರಿಗಾರರ ಸಾಮಾನು ಹೊರುತ್ತಿರುವ ಈ ಗಿಡ್ಡ, ಗಟ್ಟಿಮುಟ್ಟಾದ ಕುದುರೆಯನ್ನು ಕರ್ನಾಲದ ರಾಷ್ಟ್ರೀಯ ಪಶುತಳಿ ಸಂಸ್ಥೆಯು ಈಚಿನ ವರ್ಷಗಳಲ್ಲಿ ಸ್ವತಂತ್ರ ತಳಿಯೆಂದು ಮಾನ್ಯಮಾಡಿದೆ. ಆ ಭೀಮೆಗೆ ನಮ್ಮ ಕಾಗಿಣೆಯು ಶಹಾಬಾದದ ಹೊನಗುಂಟಿಯ ಬಳಿ ಸೇರುವದು. ಒಣ ಕಣಿಕೆಯ ಮೇಲೆ ಬದುಕುವ, ಬಿಸಿಲನ್ನು ತಾಳುವ ಮನೆಯ ಕುದುರೆಯನ್ನು ಮರೆತು, ಪಟ್ಟಣದ ಓಟದ ಕುದುರೆಯ ಎತ್ತರಕ್ಕೆ ಮರುಳಾಗುವದು ನಮ್ಮವರಿಗೆ ಹತ್ತಿದ ಹಳೆಯ ಜಾಡ್ಯ. ಮೆರವಣಿಗೆಗೂ ಮಕ್ಕಳ ಸವಾರಿಗೂ ಕುದುರೆ ಬೇಕಾದವರು ನಾಂದೇಡ ಜಿಲ್ಲೆಯ ಮಾಳೇಗಾವಿನ ಖಂಡೋಬನ ಜಾತ್ರೆಯಂಥ ಸಂತೆಗಳಲ್ಲಿ ದೇಶೀಯ ತಟ್ಟುವನ್ನು ನೋಡಿಕೊಂಡು ಬರುವದು ಲೇಸು. ಅಲ್ಲಿಯೂ ಪರೀಕ್ಷೆಯ ಚೀಟಿಯನ್ನು ಕೇಳಿಯೇ ಕೊಳ್ಳಬೇಕು.

ಸದ್ಯಕ್ಕೆ ಅಧಿಕಾರಿಗಳಿಂದ ನಾವು ಬೇಡುವದು ಅಲ್ಪ. ಐದೂ ಊರುಗಳ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿಗಳ ದಾಖಲೆಗೆ ಪುಸ್ತಕಗಳಿವೆ. ಅವುಗಳ ಜೊತೆಗೆ ಕುದುರೆಗಳಿಗಾಗಿ ಒಂದು ಪುಸ್ತಕವನ್ನು ಇಟ್ಟು, ಊರಿಗೆ ಹೊಸದಾಗಿ ಬಂದ ಪ್ರತಿಯೊಂದು ಕುದುರೆಯ ಚಿಪ್ಪಿನ ಸಂಖ್ಯೆ, ಬಂದ ಊರು, ಮಾರಿದವನ ಹೆಸರು, ಗ್ಲ್ಯಾಂಡರ್ಸ್ ಪರೀಕ್ಷೆಯ ತಾರೀಖು, ಇಷ್ಟನ್ನು ಬರೆಯಿಸಬೇಕು. ಮೆರವಣಿಗೆಗೆ ಪರವಾನಗಿ ಕೊಡುವ ಪೊಲೀಸ್ ಠಾಣೆಯವರು ಆ ಪುಸ್ತಕದ ನಕಲನ್ನು ನೋಡಿ ಪರವಾನಗಿ ಕೊಡಲಿ. 12ರಿಂದ 3ರ ವರೆಗಿನ ನಿಯಮವನ್ನು ಅದೇ ಕಾಗದದ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಮುಂದಿನ ಲಗ್ನಸರಾಯಿ ಆರಂಭವಾಗುವದರೊಳಗೆ ಈ ಪುಸ್ತಕವು ಸೇಡಮಿನಲ್ಲಿಯಾದರೂ ತೆರೆಯಬೇಕೆಂದು ಜಿಲ್ಲೆಯ ಪಶುಪಾಲನಾ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುತ್ತೇವೆ.